ಹೆರಾಲ್ಡಿನ ಬಲಗಾಲಿ

“ತೇರಗಾಂವದಾಗ ಒಂದು ಹೆರಾಲ್ಡ್ ಕಾರು ನಿಂತೈತಂತ. ಅದನ್ನ ರಿಪೇರಿ ಮಾಡ್ತಿದ್ದ ಮೇಸ್ತ್ರಿ ನೀವ ಏನ್ರಿ?”

ಬೆಳಗಾವಿಯಿಂದ ಬಂದವರು ಹೀಗೆ ಕೇಳಿದಾಗ ನಾನು ಒಂದು ಜೀಪಿನ ಕೆಳಗೆ ಅಂಗಾತ ಮಲಗಿ ಗೇರ್‌ಬಾಕ್ಸ್ ಬಿಚ್ಚುತ್ತಿದ್ದೆ. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹೌದು ಎಂದು ಜೀಪಿನ ಕೆಳಗಿನಿಂದ ಹೊರಗೆ ಬಂದೆ. ಎಂಟು ವರ್ಷಗಳಿಂದ ನನ್ನೆದುರು ಯಾರೂ ಆ ಕಾರಿನ ಮಾತು ತೆಗೆದಿರಲಿಲ್ಲ. ನಾನೂ ತೆಗೆದಿರಲಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನ ಗ್ಯಾರೇಜು. ಬಂದವರಿಗೆ ಬೆಳಗಾವಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇತ್ತು. ಮನೆಯಲ್ಲಿ ಆಗಲೇ ಎರಡು ಹೆರಾಲ್ಡ್ ಇಟ್ಟುಕೊಂಡು ಮೂರನೆಯದನ್ನು ಹುಡುಕುತ್ತಿದ್ದರು. ಆ ಕಾರು ತಯಾರಾಗುವುದು ನಿಂತು ಸುಮಾರು ಮೂವತ್ತು ವರ್ಷವಾಗಿತ್ತು. ಆದರೂ ಅವರು ಅದರ ಬಗ್ಗೆ ಮಾತಾಡುತ್ತಿದ್ದದ್ದು ಊರಿಗೆ ಹೋದ ಗೆಳೆಯ ನಾಳೆ ವಾಪಸ್ ಬರುತ್ತಾನೆ ಎನ್ನುವ ಹಾಗೆ.

“ಅಹೋ ಮೇಸ್ತ್ರಿ, ಈಗಿನ ಕಾರು ಎಲ್ಲಾ ಸಾಬಾಣದ ಡಬ್ಬಿ. ಇದರಂಥಾದ್ದು ಒಂದರ ಐತೇನ್ರಿ? ಯಾಕ ಬಂದ್ ಮಾಡಿದ್ರೋ, ಇವತ್ತಿಗೂ ನನಗ ತಿಳಿದಿಲ್ಲ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೆರಾಲ್ಡಿನ ಬಾನೆಟ್ಟು ಬೇರೆ ಕಾರುಗಳ ಹಾಗೆ ಮುಚ್ಚಳದಂತೆ ಏಳುವುದಿಲ್ಲ; ಮಡ್‌ಗಾರ್ಡು ದೀಪಗಳ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತದೆ. ಮೇಸ್ತ್ರಿಯಾದವನು ಮುಂದಿನ ಟೈರಿನ ಮೇಲೆ ಕೂತು, ಮನೆಯ ಕಟ್ಟೆಯ ಮೇಲೆ ಕೂತಷ್ಟು ಆರಾಮಾಗಿ ಎಂಜಿನ್ನಿನ ಕೆಲಸ ಮಾಡಬಹುದು. ಇನ್ನೊಂದು ಗುಣವೆಂದರೆ ತಿರುಗುವುದು. ಎತ್ತಿನ ಬಂಡಿ ಹೊರಳಿಸಲು ಒದ್ದಾಡುವ ದಾರಿಯಲ್ಲಿ ಹೆರಾಲ್ಡು ಒಂದೇ ಸಲಕ್ಕೆ ಹೊರಳಿ ಬಂದ ದಿಕ್ಕಿಗೆ ಮುಖ ಮಾಡುತ್ತಿತ್ತು. ಅದಕ್ಕಾಗಿಯೇ ನಮ್ಮ ದನದ ಡಾಕ್ಟರು ಅದನ್ನು ಕೊಂಡದ್ದು.

ಡಾಕ್ಟರ ಕೆಲಸ ಹಳಿಯಾಳದಲ್ಲಿ, ಮನೆ ತೇರಗಾಂವದಲ್ಲಿ. ಅವರ ಹೆಂಡತಿ ಅಲ್ಲಿನ ಶಾಲೆಯ ಟೀಚರು. ಊರೆಲ್ಲ ಅವರನ್ನು ಅಕ್ಕಾವ್ರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ದಾಂಡೇಲಿಯ ಪೇಪರ್ ಮಿಲ್ಲಿನ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ ಡಾಕ್ಟರು ಆ ಕಾರನ್ನು ತೆಗೆದುಕೊಂಡರು. ಜೊಯಿಡಾ ಕಡೆಯ ಕಾಡಿನ ಹಳ್ಳಿಗಳಿಗೆ, ಯಾರ ಎಮ್ಮೆ ಈಯಲು ಕಷ್ಟಪಡುತ್ತಿದ್ದರೂ ಅದರಲ್ಲೇ ಹೋಗುತ್ತಿದ್ದರು. ಐದು ವರ್ಷ ಅದರ ಒಂದು ನಟ್ಟನ್ನೂ ನನ್ನ ಹೊರತು ಬೇರೆಯವರು ಮುಟ್ಟಿರಲಿಲ್ಲ.

ಒಂದು ದಿನ ಬೆಳಿಗ್ಗೆ ಜೊಯಿಡಾ ಕಡೆಯಿಂದ ವಾಪಸ್ ಬರುವಾಗ, ದಾಂಡೇಲಿ ಇನ್ನು ಏಳೆಂಟು ಕಿಲೋಮೀಟರ್ ಇರುವಲ್ಲಿ, ಇಳುಕಲಿನ ಎಡತಿರುವಿನಲ್ಲಿ ಕಾರು ಬಲಕ್ಕೆ ಜಾರಿ ಕೊರಕಲಿಗೆ ಹೋಯಿತು. ಡ್ರೈವರ್ ಕಡೆಯ ಬಾಗಿಲು ಸಾಗವಾನಿ ಮರಕ್ಕೆ ಅಪ್ಪಳಿಸಿತ್ತು. ಡಾಕ್ಟರು ಅಲ್ಲೇ ಹೋಗಿಬಿಟ್ಟಿದ್ದರು. ಇಡೀ ರಾತ್ರಿ ಎಮ್ಮೆಯ ಹತ್ತಿರ ಕೂತವರು ನಿದ್ದೆಗಣ್ಣಿನಲ್ಲಿ ಓಡಿಸಿದರು ಎಂದು ಎಲ್ಲರೂ ಅಂದರು. ಪಂಚನಾಮೆಯಲ್ಲೂ ಹಾಗೇ ಬರೆದರು. ನಾನು ಅಲ್ಲಿಗೆ ಹೋಗಿದ್ದೆ. ಬಲ ಮುಂಗಾಲಿ ಕಾರಿನ ಕೆಳಗೆ ಮಡಚಿಕೊಂಡಿತ್ತು. ಮರಕ್ಕೆ ಬಡಿದ ರಭಸಕ್ಕೆ ಹಾಗಾಗಿದೆ ಎಂದುಕೊಂಡು ಕಣ್ಣು ತಿರುಗಿಸಿದೆ.

ಆದರೆ ಅದಕ್ಕೂ ಇಪ್ಪತ್ತು ದಿನ ಮುಂಚೆ ಆ ಕಾರಿನ ಬ್ರೇಕ್ ಪೈಪು ಬದಲಿಸಿದವನು ನಾನು. ಪೈಪನ್ನು ಜೋಡಿಸುವ ಯೂನಿಯನ್ ನಟ್ಟನ್ನು ಪೂರ್ತಿ ಬಿಗಿದಿದ್ದೆನೋ ಇಲ್ಲವೋ? ಅಪಘಾತದ ದಿನ, ಬಿಗಿದ ನೆನಪು ಇತ್ತು, ಮರುದಿನ ಆ ನೆನಪಿನ ಮೇಲೇ ಅನುಮಾನ ಬಂತು. ಎಂಟು ವರ್ಷ ಅದು ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತಾಗ ಬಲಗೈ ತಾನಾಗಿ ನಟ್ಟು ಬಿಗಿಯುವ ಪಾನಾ ತಿರುಗಿಸುವ ಹಾಗೆ ಅಲ್ಲಾಡುತ್ತಿತ್ತು. ಜೊಯಿಡಾ ರಸ್ತೆಯಲ್ಲಿ ಗಾಡಿ ನಿಂತಿದೆ ಎಂದು ಯಾರಾದರೂ ಕರೆದರೆ, ಏನಾದರೂ ನೆಪ ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ.

ಪ್ರೆಸ್ಸಿನವರ ಜೊತೆ ತೇರಗಾಂವಕ್ಕೆ ಹೋದದ್ದು ಕಾರಿನ ಆಸೆಗಲ್ಲ. ಆ ನಟ್ಟನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಅಕ್ಕಾವ್ರ ತಲೆಗೂದಲು ಬೆಳ್ಳಗಾಗಿತ್ತು. ನನ್ನ ಕಡೆ ತಿರುಗದೆ ಪ್ರೆಸ್ಸಿನವರಿಗೆ ಹೇಳಿದರು: “ಕೊಡ್ತೇನ್ರಿ. ಆದ್ರ ಲಾರಿ ಮ್ಯಾಲೆ ಹೇರಿಕೊಂಡು ಹೋಗೂದು ಬ್ಯಾಡ. ಅದು ಸರಪಳಿ ಹಾಕಿ ಎಳಸಿಕೊಂಡು ಬಂದದ್ದು ನೋಡೇನಿ. ಹೋಗುವಾಗ ತನ್ನ ಕಾಲ ಮ್ಯಾಲೆ ಹೋಗಲಿ.”

“ಅದಕ್ಕ ಮೇಸ್ತ್ರಿಗೋಳ್ನ ಕರಕೊಂಡು ಬಂದೇನ್ರಿ,” ಎಂದರು ಪ್ರೆಸ್ಸಿನವರು.

ಕಾರು ಮನೆಯ ಹಿಂದಿನ ಮೇವಿನ ಕೊಟ್ಟಿಗೆಯಲ್ಲಿತ್ತು. ಅದರ ಮೇಲೆ ಹೊದಿಸಿದ್ದ ತಾಡಪತ್ರಿ ತೆಗೆದೆವು. ತಿಳಿ ನೀಲಿ ಬಣ್ಣ ಧೂಳಿನ ಕೆಳಗೆ ಹಾಗೇ ಇತ್ತು. ಬಲಗಡೆಯ ಬಾಗಿಲು ಒಳಗೆ ನುಗ್ಗಿತ್ತು. ಡಿಕ್ಕಿ ತೆರೆದರೆ ಡಾಕ್ಟರ ರಬ್ಬರ್ ಬೂಟುಗಳು, ಕರು ಎಳೆಯುವ ಹಗ್ಗ, ತಳದಲ್ಲಿ ಕಂದು ಕಲೆ ಮಾತ್ರ ಉಳಿದಿದ್ದ ಒಂದು ಔಷಧದ ಬಾಟಲಿ. ಬೂಟಿನ ಹಿಮ್ಮಡಿಯಲ್ಲಿ ಒಣಗಿದ ಕೆಂಪು ಮಣ್ಣು ಇನ್ನೂ ಅಂಟಿಕೊಂಡಿತ್ತು. ನಾನು ಡಿಕ್ಕಿ ಮುಚ್ಚಿದೆ.

ಮರುದಿನದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಮೊದಲು ಮಾಡಿದ್ದು ಬ್ರೇಕಿನ ಕೆಲಸ. ಪೈಪಿನ ಜೋಡಣೆಯ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ ಪಾನಾ ಹಾಕಿದೆ. ನಟ್ಟು ಕದಲಲಿಲ್ಲ. ಬಿಗಿದ ಮೇಲೆ ಉಳಿಯಿಂದ ಒಂದು ಸಣ್ಣ ಗೀರು ಹಾಕುವುದು ನನ್ನ ಅಭ್ಯಾಸ. ನಟ್ಟಿನ ಗೀರೂ ಪೈಪಿನ ಗೀರೂ ಒಂದೇ ಸಾಲಿನಲ್ಲಿದ್ದವು. ಎಂಟು ವರ್ಷಗಳ ಮೇಲೆ ಅವತ್ತು ಸಂಜೆ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ. ಹೆಂಡತಿ ನನ್ನ ಮುಖ ನೋಡಿದಳು.

ಆ ನೆಮ್ಮದಿ ಬಾಳಿದ್ದು ನಾಲ್ಕು ದಿನ.

ಎಂಜಿನ್ನು ತುಕ್ಕಿಗೆ ಹಿಡಿದುಕೊಂಡು ತಿರುಗುತ್ತಿರಲಿಲ್ಲ. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ತೂತುಗಳಲ್ಲಿ ಡೀಸೆಲ್ಲು ಎಂಜಿನ್ ಆಯಿಲ್ಲು ಬೆರೆಸಿ ಹೊಯ್ದು, ನೆನೆಯಲು ಬಿಟ್ಟೆ. ಪೆಟ್ರೋಲ್ ಟ್ಯಾಂಕು ಇಳಿಸಿ, ಜಲ್ಲಿ ಹಾಕಿ ಅಲ್ಲಾಡಿಸಿ ತುಕ್ಕು ತೆಗೆದೆ. ಏರ್ ಕ್ಲೀನರಿನಲ್ಲಿ ಇಲಿ ಗೂಡು ಮಾಡಿತ್ತು. ಐದನೆಯ ದಿನ ಬಲ ಮುಂಗಾಲಿಗೆ ಕೈ ಹಾಕಿದೆ.

ಹೆರಾಲ್ಡಿನ ಮುಂಗಾಲಿಯನ್ನು ಗೇಣುದ್ದದ ಒಂದು ಉಕ್ಕಿನ ಕಂಬ ಹಿಡಿದುಕೊಂಡಿರುತ್ತದೆ. ಕಂಬದ ಕೆಳತುದಿಯಲ್ಲಿ ಬೋಲ್ಟಿಗಿರುವಂತೆ ಥ್ರೆಡ್ಡು. ಆ ತುದಿ ಒಂದು ಹಿತ್ತಾಳೆಯ ಬಟ್ಟಲಿನೊಳಗೆ ಕೂತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಅದರಲ್ಲೇ ತಿರುಗುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಆ ತುದಿಯೇ ಗಾಲಿಯನ್ನು ಕಾರಿಗೆ ಹಿಡಿದಿಟ್ಟಿರುವುದು. ನಾನು ಬಿಚ್ಚಿದಾಗ ಕಂಬದ ಥ್ರೆಡ್ಡು ಮುರಿದು ಅರ್ಧ ಬಟ್ಟಲಿನೊಳಗೇ ಉಳಿದಿತ್ತು. ಮುರಿದ ಮುಖ ಎರಡು ಥರ ಇತ್ತು. ಮುಕ್ಕಾಲು ಭಾಗ ನುಣುಪು, ಕಪ್ಪು, ಮರದ ಸುತ್ತುಗಳ ಹಾಗೆ ಗೆರೆ. ಉಳಿದದ್ದು ಬೆಲ್ಲದ ಹೆಂಟೆ ಒಡೆದ ಹಾಗೆ ಹರಳು ಹರಳು.

ಮುರಿದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ದಾಂಡೇಲಿಗೆ ಬಂದು, ಮಿಲ್ಲಿನಿಂದ ನಿವೃತ್ತರಾದ ಒಬ್ಬ ಹಿರಿಯ ಟರ್ನರರ ಹತ್ತಿರ ಹೋದೆ. ಮೂವತ್ತು ವರ್ಷ ಲೇತ್ ಮೇಲೆ ನಿಂತವರು. ಮುರಿದ ಕಬ್ಬಿಣ ನೋಡಿದರೆ ಅದರ ಕಥೆ ಹೇಳುತ್ತಾರೆ ಎಂದು ಹೆಸರು. ಅವರು ಕನ್ನಡಕ ಏರಿಸಿ, ತುಂಡನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಗಿಡಕ್ಕ ಬಡದು ಮುರದದ್ದಲ್ಲ, ತಮ್ಮಾ. ಬಡದು ಮುರದ್ರ ಮೊದಲ ಬಾಗತೈತಿ. ಇದು ಎಲ್ಲೂ ಬಾಗಿಲ್ಲ.” ಕಪ್ಪು ಭಾಗದ ಮೇಲೆ ಉಗುರು ಆಡಿಸಿದರು. “ಇಷ್ಟು ಹಳೇ ಗಾಯ. ತಿಂಗಳಗಟ್ಟಲೆ ಒಳಗೊಳಗ ಸೀಳಿಕೋತ ಬಂದೈತಿ. ಈ ಹರಳು ಹರಳು ಐತಲ್ಲಾ, ಇಷ್ಟರ ಮ್ಯಾಲೆ ಗಾಡಿ ಓಡ್ತಿತ್ತು. ಪೂರ್ತಿ ತಿರುಗಿಸಿದಾಗ ಕಡದು ಹೋಗೈತಿ.”

“ಯಾಕ ಸೀಳತೈತ್ರಿ ಹಂಗ?”

ಅವರು ಥ್ರೆಡ್ಡಿನ ಸಂದಿಯಿಂದ ಗಟ್ಟಿಯಾಗಿದ್ದ ಏನನ್ನೋ ಕೆರೆದು ಮೂಸಿ ನೋಡಿದರು. “ಗ್ರೀಸ್ ಒಣಗಿ ಕಲ್ಲಾಗೈತಿ. ಅದರ ಹಿಂದ ನೀರು ನಿಂತು ತುಕ್ಕು ಹಿಡದೈತಿ. ಇಲ್ಲಿ ಗ್ರೀಸ್ ಯಾರು ಹಾಕಿದ್ರು?”

ಅವರು ನನ್ನ ಮುಖ ನೋಡಿ ತುಂಡನ್ನು ಕರವಸ್ತ್ರದಲ್ಲಿಟ್ಟು ವಾಪಸ್ ಕೊಟ್ಟರು.

ಆ ವಾರ ಪ್ರೆಸ್ಸಿನವರು ಕಾರಿನ ಹಳೆಯ ಕೈಪಿಡಿ ತಂದಿದ್ದರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮುಂಗಾಲಿಯ ಪುಟ ತೆಗೆಸಿ, ಕಂಬದ ಚಿತ್ರದ ಮೇಲೆ ಬೆರಳಿಟ್ಟು, ಇಲ್ಲಿ ಏನು ಬರೆದಿದೆ ಓದಿರಿ ಎಂದೆ. ಅವರು ಓದಿ ಹೇಳಿದರು: “ಇಲ್ಲಿ ಗೇರ್ ಎಣ್ಣಿ ಹಾಕಬೇಕಂತ. ಗ್ರೀಸ್ ಹಾಕಬಾರದಂತ. ಹೆರಾಲ್ಡ್ ಇಟ್ಟವರಿಗೆಲ್ಲಾ ಗೊತ್ತಿರತೈತಿ ಬಿಡ್ರಿ ಇದು.”

ಆಗ ನೆನಪಾಯಿತು. ಮರೆತಿರಲಿಲ್ಲ, ಆ ಕಡೆ ನೋಡಿರಲಿಲ್ಲ ಅಷ್ಟೆ. ಕಾರು ಕೊಂಡ ಮೊದಲ ವರ್ಷ ಡಾಕ್ಟರು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ಮೇಸ್ತ್ರಿ, ಹಿಂದಿನ ಸಾಹೇಬ್ರ ಡ್ರೈವರ್ ಇಲ್ಲಿ ಎಣ್ಣಿ ಹಾಕ್ತಿದ್ನಂತ ನೋಡ್ರಿ,” ಎಂದಿದ್ದರು. ನಾನು ನಕ್ಕು, “ಎಣ್ಣಿ ಸೋರಿ ಹೋಗತೈತ್ರಿ ಡಾಕ್ಟ್ರ. ಗ್ರೀಸ್ ಆದ್ರ ಕುಂದರತೈತಿ,” ಎಂದಿದ್ದೆ. ಅವರು, “ನಿಮ್ಮ ಕೆಲಸ ನಿಮಗ ಗೊತ್ತು ಬಿಡ್ರಿ,” ಎಂದು ಎದ್ದು ಹೋಗಿದ್ದರು. ಐದು ವರ್ಷ ಗ್ರೀಸ್ ಗನ್ನನ್ನು ಅಲ್ಲಿಗೆ ಒತ್ತಿ, ಎಲ್ಲರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಹಳ್ಳ ದಾಟಿದಾಗಲೆಲ್ಲ ಒಳಗೆ ಹೋದ ನೀರು ಆ ಗ್ರೀಸಿನ ಹಿಂದೆ ಕೂತು ತನ್ನ ಕೆಲಸ ಮಾಡಿತ್ತು.

ಅಲ್ಲಿಂದ ಮುಂದಿನ ದಿನಗಳು ಹೇಗೆ ಕಳೆದವೆಂದು ಸರಿಯಾಗಿ ಹೇಳಲಾರೆ. ಗ್ಯಾರೇಜಿನಲ್ಲಿ ಗ್ರೀಸ್ ಗನ್ನು ಗೋಡೆಗೆ ನೇತಾಡುತ್ತಿತ್ತು. ಅದರ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ. ರಸ್ತೆಯಲ್ಲಿ ಯಾವುದಾದರೂ ಗಾಡಿ ತಿರುಗುವಾಗ ಕಟ್ ಎಂದರೆ ಕೈಯಲ್ಲಿದ್ದದ್ದು ಬೀಳುತ್ತಿತ್ತು. ತೇರಗಾಂವದ ಕೊಟ್ಟಿಗೆಯಲ್ಲಿ ಕಾರಿನ ಕೆಳಗೆ ಮಲಗಿದಾಗ, ಎಡಪಕ್ಕದಲ್ಲಿ ಯಾರೋ ಕುಕ್ಕರಗಾಲಿನಲ್ಲಿ ಕೂತಿದ್ದಾರೆ ಅನ್ನಿಸುತ್ತಿತ್ತು. ತಲೆ ಹೊರಳಿಸಿದರೆ ಮೇವಿನ ರಾಶಿ, ಬಾಗಿಲಿನ ಬಿಸಿಲು. ದೆವ್ವ ಭೂತ ನಂಬುವವನಲ್ಲ ನಾನು. ಆದರೂ ಆ ದಿನಗಳಲ್ಲಿ ಎಡಕ್ಕೆ ತಲೆ ಹೊರಳಿಸುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದೆ.

ಟರ್ನರರಿಗೆ ಎಲ್ಲ ಹೇಳಿದೆ. ಅವರೆಂದರು: “ಎಂಟು ವರ್ಷದ ಮಣ್ಣು ಬಿದ್ದೈತಿ. ಕೆದರಬ್ಯಾಡ. ಹೊಸಾ ಕಂಬ ಹಾಕು, ಕಾರು ಕಳಸು. ಹೇಳಿದ್ರ ಆಕಿ ಗಂಡ ವಾಪಸ್ ಬರ್ತಾನೇನು?”

ನನಗೂ ಅದೇ ಸರಿ ಅನ್ನಿಸಿತು. ಮುರಿದ ತುಂಡನ್ನು ಕಾಳಿ ನದಿಗೆ ಎಸೆಯಬೇಕೆಂದು ಕೋಗಿಲಬನದ ಕಡೆ ಸೈಕಲ್ಲಿನಲ್ಲಿ ಹೋದೆ. ದಂಡೆಯ ಮೇಲೆ ಬಟ್ಟೆ ಒಗೆಯುವವರಿದ್ದರು. ಅವರು ಹೋಗಲಿ ಎಂದು ಕಾದೆ. ಅವರು ಹೋದರು. ಆಮೇಲೂ ಕೂತೇ ಇದ್ದೆ. ತುಂಡು ಜೇಬಿನಲ್ಲೇ ವಾಪಸ್ ಬಂತು.

ನಿರ್ಧಾರ ಆದದ್ದು ಅಲ್ಲಲ್ಲ. ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದ ಅಕ್ಕಾವ್ರು ಚಹಾ ತಂದು ಕೊಟ್ಟರು. ಎಂದಿನಂತೆ ಒಳಗೆ ಹೋಗದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಆ ದಿನಕ್ಕೆ ಮೊದಲು ಅವರು ನನ್ನ ಜೊತೆ ನಾಲ್ಕು ಮಾತು ಆಡಿದವರಲ್ಲ.

“ಆ ದಿನ ಧಾರವಾಡದಾಗ ನನ್ನ ತಂಗಿದು ನಿಶ್ಚಯ ಕಾರ್ಯ ಇತ್ತು, ಮೇಸ್ತ್ರಿ. ಹಿಂದಿನ ದಿನ ಅವರು ಹೋಗುವಾಗ ಬಾಗಲದಾಗ ನಿಂತು ಹೇಳಿದ್ದೆ, ಏನ ಆಗಲಿ, ಬೆಳಿಗ್ಗೆ ಎಂಟಕ್ಕ ಮನ್ಯಾಗ ಇರಬೇಕು ಅಂತ. ಆ ಎಮ್ಮಿ ಮಾಲಕ ಒಂದ ತಾಸು ಅಡ್ಡಾಗಿ ಹೋಗ್ರಿ ಅಂದ್ನಂತ. ಎಂಟಕ್ಕ ಮುಟ್ಟಬೇಕಂತ ಹೊಂಟ್ರಂತ ಇವರು.” ಬಾಗಿಲಿಗೆ ಒರಗಿ ಮತ್ತೆ ಹೇಳಿದರು. “ದುಃಖದಾಗ ಇದನ್ನ ಅತ್ತಿಯವರ ಮುಂದ ಹೇಳಿಕೊಂಡೆ. ಅಲ್ಲಿಂದ ಅವರು ನನ್ನ ಮುಖ ನೋಡಿಲ್ಲ. ನನ್ನ ಮಗನ್ನ ನಿದ್ದಿಗೆಡಿಸಿ ಕೊಂದಿ ಅಂದ್ರು. ಅವರದೇನು ತಪ್ಪು ಬಿಡ್ರಿ. ಖರೇನ ಐತಿ.”

ಅವರು ಅಳಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಹೋದರು. ನನಗೆ ಆವರೆಗೆ ಹೊಳೆಯದಿದ್ದದ್ದು ಆಗ ಹೊಳೆಯಿತು: ನನ್ನ ತಪ್ಪನ್ನು ಎಂಟು ವರ್ಷ ಈ ಹೆಣ್ಣುಮಗಳು ಹೊತ್ತಿದ್ದಾಳೆ. ನಾನು ಒಂದು ನಟ್ಟಿನ ಅನುಮಾನವನ್ನಷ್ಟೇ ಹೊತ್ತು ದೊಡ್ಡ ಭಾರ ಎಂದುಕೊಂಡಿದ್ದೆ.

ಮರುದಿನ ಭಾನುವಾರ. ಕೆಲಸದ ಬಟ್ಟೆ ಹಾಕದೆ ಹೋದೆ. ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಕಂಬದ ಎರಡೂ ತುಂಡುಗಳನ್ನಿಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಡಾಕ್ಟರು ಎಣ್ಣೆ ಎಂದದ್ದನ್ನೂ ನಾನು ನಕ್ಕದ್ದನ್ನೂ ಬಿಡಲಿಲ್ಲ. ಹೇಳುವಾಗ ಅವರ ಮುಖ ನೋಡುವ ಧೈರ್ಯ ಆಗಲಿಲ್ಲ. ಪತ್ರಿಕೆಯ ಅಕ್ಷರಗಳನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಅವರು ಕೇಳಿದ್ದು ಒಂದೇ. “ಅಂದ್ರ ಅವರು ನಿದ್ದಿ ಹೋಗಿರಲಿಲ್ಲೇನು?”

“ಇಲ್ರಿ. ನಿದ್ದಿ ಹೋದವರು ಸ್ಟೇರಿಂಗ್ ತಿರುಗಸೂದಿಲ್ರಿ. ಇದು ಪೂರ್ತಿ ತಿರುಗಿಸಿದಾಗ ಕಡಿಯುವಂಥಾದ್ದು. ಬಡದ ಪೆಟ್ಟಿಗೆ ಸ್ಟೇರಿಂಗ್ ಜಾಮಾಗಿ ಎಡಗಾಲಿ ಇನ್ನೂ ಎಡಕ್ಕ ತಿರುಗಿ ನಿಂತೈತಿ, ನೋಡ್ರಿ ಬೇಕಾದ್ರ. ಅವರು ಎಚ್ಚರಿದ್ರು. ತಿರುವಿನ್ಯಾಗ ಸರಿಯಾಗೇ ತಿರುಗಿಸ್ಯಾರ. ಗಾಲಿ ಅವರ ಮಾತು ಕೇಳಲಿಲ್ಲ.”

ಅವರು ಎದ್ದು ಕೊಟ್ಟಿಗೆಗೆ ಹೋದರು. ನಾನು ಹಿಂದೆ ಹೋಗಲಿಲ್ಲ. ಅರ್ಧ ತಾಸು ಆಗಿರಬೇಕು. ಬಂದಾಗ ಸೀರೆಯ ಅಂಚಿಗೆ ಧೂಳು ಹತ್ತಿತ್ತು. ನೆಲಕ್ಕೆ ಕೂತು ಎಡಗಾಲಿಯನ್ನು ನೋಡಿ ಬಂದಿದ್ದರು.

“ಈಗ ಹೋಗ್ರಿ,” ಎಂದರು.

ಹತ್ತು ದಿನ ಆ ಕಡೆ ಹೋಗಲಿಲ್ಲ. ಪೊಲೀಸರು ಬರಬಹುದು ಎಂದುಕೊಂಡೆ. ಬಂದರೆ ಹೇಳುವುದನ್ನು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಬಂದದ್ದು ಅಕ್ಕಾವ್ರು. ಬಸ್ಸಿಳಿದು, ಗ್ಯಾರೇಜಿನ ಮುಂದೆ ಕೊಡೆ ಮಡಚಿ ನಿಂತರು.

“ಕಾರು ಅರ್ಧಕ್ಕ ಬಿಟ್ರೆಲ್ಲಾ.”

“ನಿಮ್ಮ ಮನಿಗೆ ಬರಾಕ ಮುಖ ಇಲ್ರಿ ಅಕ್ಕಾವ್ರ.”

“ಮುಖದ ಮಾತು ಬ್ಯಾಡ. ನಿಮ್ಮನ್ನ ಕ್ಷಮಾ ಮಾಡೇನಿ ಅಂತ ಹೇಳಾಕ ಬಂದಿಲ್ಲ. ಮಾಡಾಕ ಆಗತೈತೋ ಇಲ್ಲೋ ನನಗ ಗೊತ್ತಿಲ್ಲ. ಕೆಲಸ ಮುಗಸ್ರಿ. ಮುಗಿಸಿ ಅದರಾಗ ನನ್ನ ಮುಂಡಗೋಡಕ್ಕ ಕರಕೊಂಡು ನಡೀರಿ. ನನ್ನ ಮುಂದ ಹೇಳಿದ್ದನ್ನ ಅತ್ತಿಯವರ ಮುಂದ ಹೇಳ್ರಿ. ನಾ ಹೇಳಿದ್ರ ಅವರು ನಂಬೂದಿಲ್ಲ.”

ಮತ್ತೆ ಕೆಲಸ ಹಿಡಿದೆ. ಪ್ರೆಸ್ಸಿನವರು ಕೊಲ್ಲಾಪುರದ ಗುಜರಿಯಿಂದ ಎರಡು ಕಂಬ ಹುಡುಕಿ ತಂದರು. ಹಾಕಲು ಹೋದರೆ ಒಂದೂ ಬಲಗಡೆಗೆ ಹೊಂದಲಿಲ್ಲ. ಹೆರಾಲ್ಡಿನಲ್ಲಿ ಬಲಗಾಲಿಯ ಥ್ರೆಡ್ಡು ಒಂದು ಕಡೆ ತಿರುಗಿದರೆ ಎಡಗಾಲಿಯದು ಅದಕ್ಕೆ ಉಲ್ಟಾ. ಅವರು ತಂದದ್ದು ಎರಡೂ ಎಡಗಾಲಿಯವು. ಮತ್ತೆ ಮೂರು ವಾರ ಕಾಯಬೇಕಾಯಿತು. ಬಲಗಾಲಿಯದು ಸಿಕ್ಕಿದ ಮೇಲೆ, ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಟರ್ನರರ ಭೂತಗನ್ನಡಿ ಹಿಡಿದು ಒಂದೊಂದು ಸುತ್ತನ್ನೂ ನೋಡಿದೆ. ಟರ್ನರರೂ ನೋಡಿದರು. ಹಿತ್ತಾಳೆಯ ಬಟ್ಟಲನ್ನು ಅವರೇ ಲೇತ್ ಮೇಲೆ ಹೊಸದಾಗಿ ಕಡೆದು ಕೊಟ್ಟರು. ಜೋಡಿಸಿ, ಗೇರ್ ಎಣ್ಣೆಯನ್ನು ತೊಟ್ಟು ತೊಟ್ಟಾಗಿ, ಮೇಲಿನಿಂದ ಉಕ್ಕಿ ಬರುವವರೆಗೂ ಬಿಟ್ಟೆ. ಸೋರಿತು. ಸೋರಬೇಕಾದದ್ದೇ ಅದು.

ಎಂಜಿನ್ನು ಮೊದಲ ದಿನ ಕೆಮ್ಮಿ ನಿಂತಿತು. ಕಾರ್ಬುರೇಟರಿನ ಜೆಟ್ಟು ಮತ್ತೆ ಬಿಚ್ಚಿ ಊದಿದೆ. ಎರಡನೆಯ ದಿನ ಹತ್ತಿತು. ಆ ಸದ್ದು ಕೇಳಿ ಅಕ್ಕಾವ್ರು ಹಿತ್ತಲ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದುಕೊಂಡು ನಿಂತರು. ಎಂಟು ವರ್ಷ ಕೇಳದಿದ್ದ ಸದ್ದು. ನಾನು ಎಂಜಿನ್ ಬಂದ್ ಮಾಡಲು ಕೈ ಹಾಕಿದೆ. “ಇರಲಿ,” ಎಂದರು.

ಮುಂಡಗೋಡಕ್ಕೆ ಹೊರಟದ್ದು ಒಂದು ರವಿವಾರ ಬೆಳಿಗ್ಗೆ. ಹಳಿಯಾಳ ದಾಟಿ, ಕಲಘಟಗಿಯ ಮೇಲೆ ಹಾದು ಹೋದೆವು. ಅಕ್ಕಾವ್ರು ಹಿಂದಿನ ಸೀಟಿನಲ್ಲಿ. ಪ್ರತಿ ಎಡತಿರುವಿಗೂ ನಾನು ಗೇರು ಇಳಿಸುತ್ತಿದ್ದೆ. ಗಾಲಿ ಹೇಳಿದಂತೆ ತಿರುಗುತ್ತಿತ್ತು. ಕನ್ನಡಿಯಲ್ಲಿ ಅವರ ಕಣ್ಣು ಕಾಣಿಸಿದಾಗಲೆಲ್ಲ ನಾನು ರಸ್ತೆ ನೋಡುತ್ತಿದ್ದೆ.

ಡಾಕ್ಟರ ತಾಯಿ ಹಿರಿಯ ಮಗನ ಜೊತೆ ಇದ್ದರು. ಅಂಗಳದಲ್ಲಿ ಭತ್ತ ಹರವಿತ್ತು. ಕಾರಿನ ಸದ್ದಿಗೆ ಹೊರಗೆ ಬಂದ ಮುದುಕಿ ನೀಲಿ ಬಣ್ಣ ನೋಡಿ ಹಾಗೇ ಕಟ್ಟೆಯ ಮೇಲೆ ಕೂತರು. ಹಿರಿಯ ಮಗ ಯಾರು ಏನು ಎಂದ. ಅಕ್ಕಾವ್ರು ಅಂಗಳದ ಆಚೆಯೇ ನಿಂತು, “ಇವರು ಏನೋ ಹೇಳಬೇಕಂತಾರ. ಕೇಳ್ರಿ,” ಎಂದರು.

ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಅಲ್ಲ. ಅರ್ಧದಲ್ಲಿ ಹಿರಿಯ ಮಗ ನನ್ನ ಅಂಗಿ ಹಿಡಿದ. ಮುದುಕಿ, “ಬಿಡು, ಹೇಳಲಿ,” ಎಂದರು. ಹೇಳಿ ಮುಗಿಸಿದೆ. ಅವರು ಕೈ ಚಾಚಿ ಮುರಿದ ತುಂಡನ್ನು ಇಸಿದುಕೊಂಡು, ಅಂಗೈಯಲ್ಲಿಟ್ಟು ತೂಗಿ ನೋಡಿದರು.

“ಇಷ್ಟ ಸಣ್ಣದೇನು?” ಎಂದರು.

ಆಮೇಲೆ ನನ್ನ ಕಡೆ ನೋಡಿ ಹೇಳಿದರು: “ನೀ ಬಂದು ಹೇಳದಿದ್ರ ಆಕಿನ್ನ ಬೈಕೋತನ ಸಾಯ್ತಿದ್ದೆ. ಹೇಳಿದಿ, ಛಲೋ ಮಾಡಿದಿ. ಆದ್ರ ಮತ್ತ ನನ್ನ ಕಣ್ಣಿಗೆ ಬೀಳಬ್ಯಾಡ.”

ನಾನು ಆಗಲಿ ಎಂದೆ. ಮುದುಕಿ ಎದ್ದು, ಹರವಿದ ಭತ್ತವನ್ನು ಕಾಲಿನಿಂದ ಸರಿಸಿಕೊಂಡು ಅಂಗಳ ದಾಟಿ ಹೋಗಿ ಸೊಸೆಯ ಮುಂದೆ ನಿಂತರು. ಏನಂದರೋ ನನಗೆ ಕೇಳಲಿಲ್ಲ. ನೋಡುವುದು ಸರಿಯಲ್ಲ ಎಂದು ಕಾರಿನ ಕಡೆ ಹೋದೆ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕಾವ್ರು ಕಾರಿನ ಹತ್ತಿರ ಬಂದರು. ಕಣ್ಣು ಕೆಂಪಾಗಿದ್ದವು. “ನಾ ನಾಲ್ಕು ದಿನ ಇಲ್ಲೇ ಇರ್ತೇನಿ. ಕಾರು ನೀವು ತಗೊಂಡು ಹೋಗ್ರಿ. ಬೆಳಗಾವಿಯವರು ಬಂದ್ರ ಕೊಟ್ಟುಬಿಡ್ರಿ.”

ನಾನು ತಲೆ ಆಡಿಸಿ ಹತ್ತಿ ಕೂತೆ. ಅವರು ಕಿಟಕಿಯ ಮೇಲೆ ಕೈಯಿಟ್ಟರು. ಹೇಳುವುದೋ ಬೇಡವೋ ಎಂದು ತೂಗುತ್ತಿದ್ದ ಹಾಗಿತ್ತು.

“ಒಂದು ಮಾತು. ಇಷ್ಟು ದಿನ ಅದರ ಅರ್ಥ ಆಗಿರಲಿಲ್ಲ. ಆ ಹೊತ್ತು ಹೋಗುವಾಗ ಅವರು, ‘ಬೆಳಿಗ್ಗೆ ಬರುವಾಗ ಮೇಸ್ತ್ರಿ ಕಡೆ ಹಾದು ಬರ್ತೇನಿ, ಮುಂದಿನ ಗಾಲಿ ತಿರುವಿನ್ಯಾಗ ಏನೋ ಸಪ್ಪಳ ಮಾಡಾಕತ್ತೈತಿ,’ ಅಂದಿದ್ರು. ನಾ ಲಕ್ಷ್ಯ ಕೊಡಲಿಲ್ಲ. ಕಾರಿಂದು ಒಂದಿಲ್ಲೊಂದು ಇದ್ದದ್ದ ಅಂತ ಮರತುಬಿಟ್ಟೆ. ನೀವು ಹೇಳಿದ ಮ್ಯಾಲೆ ನೆನಪಾತು.”

ನಾನು ಗಾಡಿ ಚಾಲೂ ಮಾಡಿದೆ. ಮುಂಡಗೋಡ ದಾಟಿ ಊರು ಮರೆಯಾದ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟೆ.

ಆ ದಿನ ಬೆಳಿಗ್ಗೆ ಡಾಕ್ಟರು ನನ್ನ ಹತ್ತಿರವೇ ಬರುತ್ತಿದ್ದರು. ಎಂದೂ ಎಂಟರ ಒಳಗೆ ಬಾಗಿಲು ತೆಗೆಯದ ನಾನು ಅಂದು ಯಾಕೋ ಏಳಕ್ಕೇ ಗ್ಯಾರೇಜು ತೆರೆದು, ನೆಲ ಗುಡಿಸಿ, ಪಾನಾಗಳನ್ನು ಸಾಲಾಗಿ ಜೋಡಿಸಿಟ್ಟು ಕೂತಿದ್ದೆ. ಬಹಳ ಹೊತ್ತಿನವರೆಗೆ ಒಂದೂ ಗಾಡಿ ಬರಲಿಲ್ಲ.